ಭಯ ಬಂದಾಗ ಕೈ ಏನು ಮಾಡುತ್ತದೆ?

ದೇವರನ್ನು ನಂಬಿದವನಿಗೆ ಭಯವಿಲ್ಲ ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದವರು. ಹರಿಕಥೆಯಲ್ಲಿ ದಾಸರು ಹೇಳುತ್ತಾರೆ, ಉರೂಸಿನ ಪ್ರವಚನದಲ್ಲಿ ಉಸ್ತಾದರು ಹೇಳುತ್ತಾರೆ, ಇಗರ್ಜಿಯಲ್ಲಿ ಪಾದ್ರಿಗಳು ಹೇಳುತ್ತಾರೆ. ಕೇಳಿದವರು ತಲೆದೂಗಿ ಮನೆಗೆ ಬರುತ್ತಾರೆ. ಅದೇ ರಾತ್ರಿ ಎದೆಯಲ್ಲೊಂದು ನೋವು ಕಾಣಿಸಿಕೊಂಡರೆ, ಮಗನ ಬೆನ್ನಿನ ಮೇಲೆ ಬಣ್ಣ ಮಾಸಿದ ಕಲೆಯೊಂದು ಕಂಡರೆ ಭಯ ಬಂದೇ ಬರುತ್ತದೆ. ಅದರ ಬೆನ್ನಿಗೇ, ನಮ್ಮ ನಂಬಿಕೆ ಸಾಲದಾಯಿತೋ ಏನೋ ಎಂಬ ಇನ್ನೊಂದು ಭಯವೂ ಸೇರಿಕೊಳ್ಳುತ್ತದೆ. ಹೀಗೆ ಒಂದಿದ್ದ ಭಯ ಎರಡಾಗುತ್ತದೆ.

ನಂಬಿಕೆ ಭಯವನ್ನು ಅಳಿಸುವ ಮದ್ದಲ್ಲ, ಭಯವಿರುವಾಗಲೂ ಮನುಷ್ಯನ ಕೈ ಹಿಂದೆ ಸರಿಯದಂತೆ ಹಿಡಿದುಕೊಳ್ಳುವ ಒಂದು ಶಕ್ತಿ ಎಂಬುದು ಈಚೆಗೆ ನನಗೆ ಮನದಟ್ಟಾದ ವಿಷಯ. ಮನದಟ್ಟು ಮಾಡಿಸಿದವರು ಪಂಡಿತರಲ್ಲ, ಮಹಾರಾಷ್ಟ್ರದ ಒಂದು ಹಳ್ಳಿಯ ವೃದ್ಧೆ.

ನನ್ನ ತಂಗಿಯ ಮಗಳ ಸಂಸಾರ ಸಾಂಗ್ಲಿ ಜಿಲ್ಲೆಯ ಮಿರಜೆ ತಾಲೂಕಿನ ಮಾಲಗಾಂವದಲ್ಲಿದೆ. ಅಳಿಯನ ಉದ್ಯೋಗ ಮಿರಜೆಯಲ್ಲಿ. ನಮ್ಮವರಿಗೆ ಮಿರಜೆಯೆಂದರೆ ತಂಬೂರಿ, ಸಿತಾರು, ಅಬ್ದುಲ್ ಕರೀಂ ಖಾನರು. ಉತ್ತರ ಕರ್ನಾಟಕದವರಿಗೆ ಮಾತ್ರ ಮಿರಜೆಯೆಂದರೆ ಮೊದಲು ನೆನಪಾಗುವುದು ದವಾಖಾನೆ. ಅಥಣಿ, ರಾಯಬಾಗ, ಜಮಖಂಡಿಗಳ ಕಡೆಯಿಂದ ರೋಗಿಗಳು ಗಡಿ ದಾಟಿ ಅಲ್ಲಿಗೆ ಹೋಗುವುದು ತಲೆಮಾರುಗಳಿಂದ ನಡೆದು ಬಂದ ರೂಢಿ, ನಾವು ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಹಾಗೆ. ಮಿರಜೆಯ ಪೂರ್ವದ ಹಳ್ಳಿಗಳಲ್ಲಿ ವೀಳ್ಯದೆಲೆಯ ತೋಟಗಳಿವೆ. ನಮ್ಮದು ಅಡಿಕೆಯ ನಾಡು, ಅವರದು ಎಲೆಯ ನಾಡು, ಎಂದ ಮೇಲೆ ಸಂಬಂಧ ಕೂಡಿಬಂದದ್ದರಲ್ಲಿ ಆಶ್ಚರ್ಯವಿಲ್ಲವೆಂದು ಮದುವೆಯ ದಿನ ಯಾರೋ ತಮಾಷೆ ಮಾಡಿದ್ದರು. ಊರಿನಲ್ಲಿ ಮರಾಠಿಯೇ ಮುಂದು. ಆದರೂ ಹಳೆಯ ಕೆಲವು ಮನೆಗಳೊಳಗೆ ಕನ್ನಡ ಇನ್ನೂ ಇದೆ. ಅಂಗಡಿಯಲ್ಲೊಂದು ಭಾಷೆ, ಅಡುಗೆಮನೆಯಲ್ಲೊಂದು ಭಾಷೆ ಎಂಬ ಸ್ಥಿತಿ ನಮಗೇನು ಹೊಸತೇ?

ಪಕ್ಕದ ಮನೆಯ ಆಯಿಗೆ ಎಂಬತ್ತೈದರ ಮೇಲಾಗಿದೆ. ಕನ್ನಡ ಮಾತಾಡುವ ಮಾಸ್ತರು ಬಂದಿದ್ದಾರೆಂದು ತಿಳಿದು, “ಬರ್ರಿ ಮಾಸ್ತರ್ರ, ಕುಂದರ್ರಿ” ಎಂದು ಕರೆದು ಚಹಾ ಕೊಟ್ಟರು. ನನ್ನ ಕರಾವಳಿಯ ಕನ್ನಡ ಅವರಿಗೆ ಪುಸ್ತಕದ ಕನ್ನಡವೆನಿಸಿತಂತೆ. ಮಾತು ಮಳೆ, ಬೆಳೆ, ಮೊಮ್ಮಕ್ಕಳನ್ನೆಲ್ಲ ಸುತ್ತಿ ಕೊನೆಗೆ ರೋಗರುಜಿನಗಳಿಗೆ ಬಂದು ನಿಂತಿತು. ಆಗ ಅವರು ಹೇಳಿದ ಸಂಗತಿ ಇದು.

ಆಯಿ ಮದುವೆಯಾಗಿ ಆ ಮನೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅವರ ಅತ್ತೆಯ ತಮ್ಮನೊಬ್ಬನಿಗೆ ಕುಷ್ಠ. ಮನೆಯವರು ಆತನನ್ನು ತೋಟದ ಮೂಲೆಯಲ್ಲಿ ಗುಡಿಸಲು ಹಾಕಿ ಇರಿಸಿದ್ದರು. ಊಟವನ್ನು ದೂರದಲ್ಲಿಟ್ಟು ಕೂಗಿ ಹೇಳಿ ಬರುವುದು ಹೊಸ ಸೊಸೆಯ ಕೆಲಸ. ಇಟ್ಟ ಕೂಡಲೇ ತಿರುಗಿ ನೋಡದೆ ಓಡಿಬರುತ್ತಿದ್ದರಂತೆ. ಕೆಲವು ಸಮಯದ ಮೇಲೆ ಮಿರಜೆಯ ಕಡೆಯಿಂದ ಒಬ್ಬ ಕ್ರೈಸ್ತ ನರ್ಸಬಾಯಿ ವಾರಕ್ಕೊಮ್ಮೆ ಬರತೊಡಗಿದಳು. ಬೆಳಗಾವಿ ಸೀಮೆಯವಳು, ಕನ್ನಡ ಬಲ್ಲವಳು. ಗುಡಿಸಲಿನೊಳಗೆ ಹೋಗಿ ಆತನೆದುರು ನೆಲದ ಮೇಲೆ ಕುಳಿತು, ಕಾಲಿನ ಹುಣ್ಣು ತೊಳೆದು, ಮಾತ್ರೆ ಕೊಟ್ಟು ಬರುತ್ತಿದ್ದಳು. ಬೇಲಿಯ ಹಿಂದೆ ನಿಂತು ನೋಡುತ್ತಿದ್ದ ಸೊಸೆ ಒಂದು ದಿನ ಧೈರ್ಯ ಮಾಡಿ ಕೇಳಿದರು: “ಅಂಜಿಕಿ ಬರೂದಿಲ್ಲೇನ್ರೀ ಬಾಯಿ ನಿಮಗ?”

ಆ ಹೆಂಗಸು ಕೊಟ್ಟ ಉತ್ತರವನ್ನು ಆಯಿ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಇಟ್ಟುಕೊಂಡಿದ್ದಾರೆ: “ಬರ್ತೈತವ್ವಾ. ದಿನಾ ಬರ್ತೈತಿ. ಹಾದ್ಯಾಗ ಯೇಸುಸ್ವಾಮಿಗೆ ಹೇಳ್ಕೋತ ಬರ್ತೀನಿ. ಇಲ್ಲಿ ಬಂದ ಮ್ಯಾಲ ಕೆಲಸ ಇರ್ತೈತಲ್ಲ, ಅಂಜಿಕಿ ನೋಡಾಕ ಯಾಳ್ಯಾ ಎಲ್ಲಿರ್ತೈತಿ?”

ಮುಂದಿನ ವಾರ ಆಯಿ ಬೇಲಿಯಿಂದ ಈಚೆಗೆ ಬಂದು ನಿಂತರು. ಮತ್ತೊಂದು ವಾರ ಬಿಸಿನೀರಿನ ಪಾತ್ರೆ ತಂದುಕೊಟ್ಟರು. ಒಂದು ವರ್ಷದೊಳಗೆ ಆ ಮನುಷ್ಯ ಮನೆಯ ಕಟ್ಟೆಯ ಮೇಲೆ ಕುಳಿತು ಉಣ್ಣುವಂತಾಯಿತು. ಬೆರಳುಗಳು ಮರಳಿ ಬರಲಿಲ್ಲ. ಆದರೆ ಸಾಯುವಾಗ ಸುತ್ತ ಜನರಿದ್ದರು. ಆಯಿಯ ಮನೆಯವರು ಕ್ರೈಸ್ತರಾಗಲಿಲ್ಲ, ಆಗಿರೆಂದು ಆಕೆ ಕೇಳಲೂ ಇಲ್ಲವಂತೆ. ಇದನ್ನು ಆಯಿ ತಾವಾಗಿಯೇ ಹೇಳಿದರು. ಕೇಳುವವನ ಮನಸ್ಸಿನಲ್ಲಿ ಆ ಪ್ರಶ್ನೆ ಇರುತ್ತದೆಂದು ಅವರಿಗೆ ಗೊತ್ತು.

ಅಂಥ ಹೆಂಗಸರು ಆ ಸೀಮೆಗೆ ಸುಮ್ಮನೆ ಬಂದವರಲ್ಲ. ಅದರ ಹಿಂದೆ ಒಂದು ಉದ್ದನೆಯ ಕಥೆಯಿದೆ. 1865ರಲ್ಲಿ ಕೆನಡಾದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ವೈದ್ಯರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಮೂಲಕ 1889ರಲ್ಲಿ ಇಲ್ಲಿಗೆ ಬಂದರು. ಆರಂಭ ಸಾಂಗ್ಲಿಯಲ್ಲಿ, ಸಣ್ಣದೊಂದು ದವಾಖಾನೆಯಲ್ಲಿ. 1894ರಲ್ಲಿ ಮಿರಜೆಯ ಆಸ್ಪತ್ರೆ, 1897ರಲ್ಲಿ ಅದರ ಜತೆಗೊಂದು ವೈದ್ಯಶಾಲೆ. ಮುಂದೆ ಕ್ಷಯರೋಗಿಗಳಿಗೆ ಆರೋಗ್ಯಧಾಮ, ಕುಷ್ಠರೋಗಿಗಳಿಗೆ ಬೇರೆ ಆಶ್ರಯ. ಸಾಂಗ್ಲಿ ಮಿರಜೆಗಳ ನಡುವಣ ವಾನ್ಲೆಸವಾಡಿ ಅವರ ಹೆಸರಿನ ಊರು. ಸುಮಾರು ನಾಲ್ವತ್ತು ವರ್ಷ ಅಲ್ಲಿ ದುಡಿದು, 1928ರಲ್ಲಿ ನಿವೃತ್ತರಾಗಿ, 1933ರಲ್ಲಿ ತೀರಿಕೊಂಡರು. ಬ್ರಿಟಿಷ್ ಸರಕಾರ ಅವರಿಗೆ ‘ಸರ್’ ಪದವಿಯನ್ನೂ ಕೊಟ್ಟಿತು.

ಪದವಿಯ ಮಾತು ಹಾಗಿರಲಿ. ಆ ಕಾಲದಲ್ಲಿ ಅವರು ಎದುರಿಸಬೇಕಾಗಿದ್ದದ್ದು ರೋಗವೊಂದನ್ನೇ ಅಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಚಾಕು ಹಿಡಿದವನ ಕೈಗೆ ಮೈಯನ್ನು ಒಪ್ಪಿಸುವುದೆಂದರೆ ಸಾವೇ ಎಂದು ತಿಳಿದಿದ್ದ ಜನ. ಮುಟ್ಟಿದರೆ ಜಾತಿ ಹೋಯಿತು, ಅಲ್ಲಿಯ ನೀರು ಕುಡಿದರೆ ಮತ ಹೋಯಿತು ಎಂಬ ಅಂಜಿಕೆ. ಇಂಥ ಭಯ ಉಪದೇಶದಿಂದ ಹೋಗುವುದಿಲ್ಲ. ಕುರುಡನಾಗಿ ಗಾಡಿಯಲ್ಲಿ ಹೋದ ಅಜ್ಜ ಕಣ್ಣಿನ ಪೊರೆ ತೆಗೆಸಿಕೊಂಡು ನಡೆದು ಬಂದರೆ ಆ ಊರಿನ ಭಯ ಹತ್ತರಲ್ಲೊಂದು ಪಾಲು ಕಡಿಮೆಯಾಯಿತು. ಇನ್ನೊಬ್ಬ ಬಂದರೆ ಇನ್ನೊಂದು ಪಾಲು. ವಿಶ್ವಾಸವೆಂಬುದು ಹೀಗೆ ಚಿಲ್ಲರೆಯಾಗಿ ಕೂಡಿಬರುವ ಹಣ. ಸರಕಾರಿ ಹುಕುಂ ಹೊರಡಿಸಿ ಅದನ್ನು ವಸೂಲು ಮಾಡಲಾಗದು.

ವಸೂಲು ಮಾಡಲು ಹೋದವರ ಕಥೆಯೂ ಅದೇ ಕಾಲದ್ದೇ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮರುವರ್ಷ ಪುಣೆಯನ್ನು ಹಿಡಿಯಿತು. ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಜನ ಇಲಿಗಿಂತ ಹೆಚ್ಚಾಗಿ ಅಧಿಕಾರಿಗೆ ಅಂಜಿದರು, ಸತ್ತವರನ್ನು ಬಚ್ಚಿಟ್ಟರು. ಪ್ಲೇಗ್ ಅಧಿಕಾರಿ ರ್‍ಯಾಂಡನ ಕೊಲೆಯಲ್ಲಿ ಅದು ಪರ್ಯವಸಾನವಾಯಿತು. ಅದೇ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ಯಹೂದಿ ವಿಜ್ಞಾನಿ ತಾನು ಸಿದ್ಧಪಡಿಸಿದ ಪ್ಲೇಗಿನ ಚುಚ್ಚುಮದ್ದನ್ನು ಮೊದಲು ಚುಚ್ಚಿಸಿಕೊಂಡದ್ದು ತನ್ನ ಮೈಗೇ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಒಂದು ಕಡೆ ಬಾಗಿಲು ಒಡೆಯುವ ಕೈ, ಇನ್ನೊಂದು ಕಡೆ ತನ್ನ ತೋಳನ್ನು ಮೊದಲು ಮುಂದೆ ಚಾಚಿದ ಕೈ.

ಈಗ ಕ್ರೈಸ್ತರ ಗ್ರಂಥವೇ ಭಯದ ವಿಷಯದಲ್ಲಿ ಏನು ಹೇಳುತ್ತದೆಂದು ನೋಡೋಣ. ನಾನು ಕ್ರೈಸ್ತನಲ್ಲ. ಆದರೂ ಆಯಿಯ ಮಾತು ಕೇಳಿ ಬಂದ ಮೇಲೆ, ನೆರೆಯ ಒಬ್ಬ ಕ್ರೈಸ್ತ ಮಿತ್ರರಿಂದ ಕನ್ನಡದ ಬೈಬಲು ಕೇಳಿ ತಂದು ಓದಿದೆ. ಭಯಪಡಬೇಡ ಎಂಬ ಮಾತು ಅದರಲ್ಲಿ ಬೇಕಾದಷ್ಟು ಸಲ ಬರುತ್ತದೆ. ಭಯಪಡದವನಿಗೆ ಯಾರೂ ಹಾಗೆ ಹೇಳಬೇಕಾಗಿಲ್ಲವಷ್ಟೆ. ಬಿರುಗಾಳಿಯಲ್ಲಿ ದೋಣಿ ಮುಳುಗುವ ಹೊತ್ತಿಗೆ ಶಿಷ್ಯರು ಹೆದರಿ ಕೂಗಿಕೊಳ್ಳುತ್ತಾರೆ. ಅವರು ಬೆಸ್ತರು, ಆ ಕೆರೆಯನ್ನು ಬಲ್ಲವರು. ಅಂಥವರು ಹೆದರಿದರೆಂದರೆ ಗಾಳಿ ನಿಜವಾಗಿಯೂ ಜೋರಾಗಿದ್ದಿರಬೇಕು. ಗುರು ಅವರನ್ನು ಗದರಿಸುತ್ತಾನೆ, ನಿಜ. ಆದರೆ ಹೆದರಿದರೆಂದು ದೋಣಿಯಿಂದ ಇಳಿಸಿಬಿಡುವುದಿಲ್ಲ. ಹಿಡಿದುಕೊಟ್ಟ ರಾತ್ರಿಯಂದು ಗೆತ್ಸೆಮನೆಯ ತೋಟದಲ್ಲಿ ಸ್ವತಃ ಯೇಸುವೇ ಕಳವಳಪಟ್ಟು, ಈ ಬಟ್ಟಲು ತನ್ನಿಂದ ತಪ್ಪಿಹೋಗಲಿ ಎಂದು ಬೇಡಿಕೊಳ್ಳುತ್ತಾನೆ. ತಪ್ಪದಿದ್ದಾಗ ಎದ್ದು ಹೋಗುತ್ತಾನೆ. ಬೇಡಿದ್ದೂ ಸುಳ್ಳಲ್ಲ, ಎದ್ದುಹೋದದ್ದೂ ಸುಳ್ಳಲ್ಲ. ಇದನ್ನು ಓದಿದ ಮೇಲೆ, ನಂಬಿದವನಿಗೆ ಭಯವೇ ಇಲ್ಲವೆಂದು ಭಾಷಣ ಮಾಡುವವರು ತಮ್ಮ ಗುರುವಿಗಿಂತಲೂ ಮೇಲೇರಿದ್ದಾರೇನು ಎಂದು ನನಗೆ ಅನಿಸಿತು.

ಇನ್ನೊಂದು ಕಡೆ, ಯೋಹಾನನ ಪತ್ರಿಕೆಯಲ್ಲಿ, ಭಯಕ್ಕೆ ಎದುರಾಗಿ ನಿಲ್ಲಿಸಿರುವುದು ಧೈರ್ಯವನ್ನಲ್ಲ, ಪ್ರೀತಿಯನ್ನು. ಇದು ಸಣ್ಣ ವ್ಯತ್ಯಾಸವಲ್ಲ. ಧೈರ್ಯವೆಂಬುದು ನನ್ನೊಳಗಿನ ಸಂಗತಿ, ನಾನು ಎಷ್ಟು ಗಟ್ಟಿಗನೆಂಬ ಲೆಕ್ಕ. ಪ್ರೀತಿಯಾದರೋ ಎದುರಿಗಿರುವವನನ್ನು ನೋಡುತ್ತದೆ. ಎದುರಿಗಿರುವವನ ಹುಣ್ಣನ್ನು ನೋಡುತ್ತಿರುವವಳಿಗೆ ತನ್ನ ಅಂಜಿಕೆಯನ್ನು ನೋಡಲು ಯಾಳ್ಯಾ ಇಲ್ಲ ಎಂದ ನರ್ಸಬಾಯಿ, ಆ ಪತ್ರಿಕೆಯ ಅರ್ಥವನ್ನು ನನ್ನಂಥವನಿಗಿಂತ ಚೆನ್ನಾಗಿ ಬಲ್ಲವಳಾಗಿದ್ದಳು.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಬರುತ್ತಾನೆ. ಆ ಕಾಲದ ಯಹೂದಿ ಧರ್ಮಶಾಸ್ತ್ರದಂತೆ ಅವನು ಊರ ಹೊರಗಿರಬೇಕಾದವನು, ಮುಟ್ಟಿದವನಿಗೂ ಮೈಲಿಗೆ. (ಆ ಗ್ರಂಥಗಳಲ್ಲಿ ಹೇಳಿದ ಕುಷ್ಠವೆಲ್ಲ ಇಂದಿನ ಕುಷ್ಠವೇ ಅಲ್ಲ, ಹಲವು ಬಗೆಯ ಚರ್ಮರೋಗಗಳಿಗೆ ಅದೊಂದೇ ಹೆಸರಿತ್ತೆಂದು ತಿಳಿದವರು ಹೇಳುತ್ತಾರೆ. ಅಂಜಿಕೆ ಮಾತ್ರ ಒಂದೇ.) ಯೇಸು ಅವನನ್ನು ಗುಣಪಡಿಸಿ ಆಮೇಲೆ ಮುಟ್ಟಲಿಲ್ಲ. ಮೊದಲು ಮುಟ್ಟಿದ, ಆಮೇಲೆ ಗುಣವಾಯಿತು. ಈ ಹಿಂದುಮುಂದನ್ನು ನೋಡಿ ಎಷ್ಟೋ ಜನ ಮನೆ ಬಿಟ್ಟು ಹೋಗಿದ್ದಾರೆ. 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪದ ರೋಗಿಗಳ ನಡುವೆ ವಾಸಿಸಲು ಹೋದ ಫಾದರ್ ಡೇಮಿಯನ್ ಅದೇ ರೋಗ ತಗಲಿ 1889ರಲ್ಲಿ ಅಲ್ಲೇ ಸತ್ತರು. ಇಷ್ಟು ದೂರ ಹೋಗಬೇಕಾಗಿಲ್ಲ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಮದ್ದು ಕೊಡಲು ತೊಡಗಿ, 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ, 1902ರಲ್ಲಿ ಪ್ಲೇಗಿನವರಿಗಾಗಿ ಆಸ್ಪತ್ರೆಯನ್ನೂ ತೆರೆದರು. ನಮ್ಮ ಮನೆಗಳ ಹಿರಿಯರಲ್ಲಿ ಅವರ ಆಸ್ಪತ್ರೆಯ ಮೆಟ್ಟಿಲು ಹತ್ತದವರು ಕಡಿಮೆ.

ಇಲ್ಲೊಂದು ಎಚ್ಚರಿಕೆ ಬೇಕು. ನಂಬಿಕೆಯ ಹೆಸರಿನಲ್ಲಿ ಹುಂಬತನ ತೋರಿಸುವವರೂ ಇದ್ದಾರೆ. ದೇವರು ಕಾಯುತ್ತಾನೆ, ಮದ್ದು ಬೇಡ, ಮಾಸ್ಕು ಬೇಡ ಎಂದವರನ್ನು ನಾವು ಈಚಿನ ವರ್ಷಗಳಲ್ಲಿ ಎಲ್ಲ ಮತಗಳಲ್ಲೂ ಕಂಡಿದ್ದೇವೆ. ಇದು ಹೊಸ ಸಮಸ್ಯೆಯಲ್ಲ. 1527ರಲ್ಲಿ ಜರ್ಮನಿಯ ವಿಟೆನ್‌ಬೆರ್ಗಿಗೆ ಪ್ಲೇಗು ಬಂದಾಗ ಮಾರ್ಟಿನ್ ಲೂಥರ್ ಊರು ಬಿಡಲಿಲ್ಲ. ಪ್ಲೇಗಿಗೆ ಹೆದರಿ ಓಡಬಹುದೇ ಎಂದು ಕೇಳಿದ ಪಾದ್ರಿಗಳಿಗೆ ಆತ ಬರೆದ ಉತ್ತರ ಬಹಳ ವಿವೇಕದ್ದು. ಮದ್ದು ತೆಗೆದುಕೊಳ್ಳಬೇಕು, ಮನೆಗೆ ಹೊಗೆ ಹಾಕಬೇಕು, ತನ್ನ ಅಗತ್ಯವಿಲ್ಲದ ಕಡೆಗೆ ಹೋಗಿ ರೋಗ ಹಬ್ಬಿಸಬಾರದು. ಯಾರ ಮೇಲೂ ಹೊಣೆಯಿಲ್ಲದವನು ಊರು ಬಿಟ್ಟರೆ ತಪ್ಪೂ ಇಲ್ಲ. ಆದರೆ ನೆರೆಯವನಿಗೆ ತನ್ನಿಂದ ಆಗಬೇಕಾದದ್ದಿದ್ದರೆ ಹಿಂಜರಿಯದೆ ಹೋಗಬೇಕು. ಮದ್ದನ್ನು ಬೇಡವೆನ್ನುವುದು ಭಕ್ತಿಯಲ್ಲ, ದೇವರನ್ನು ಪರೀಕ್ಷಿಸುವುದು ಎಂಬುದು ಆತನ ಅಭಿಪ್ರಾಯ. ಸುಮಾರು ಐನೂರು ವರ್ಷ ಹಳೆಯದಾದ ಆ ಪತ್ರವನ್ನು 2020ರಲ್ಲಿ ಪ್ರಪಂಚದಾದ್ಯಂತ ಅನೇಕರು ಮತ್ತೆ ಹುಡುಕಿ ಓದಿದರು.

2020 ಎಂದೊಡನೆ ನಮ್ಮ ಜಿಲ್ಲೆಯವರಿಗೆ ನೆನಪಾಗುವುದನ್ನು ಹೇಳಲೇಬೇಕಾಗಿಲ್ಲ. ಭಾರತದ ಮೊದಲ ಮೂರು ಕೊರೊನ ರೋಗಿಗಳಲ್ಲಿ ಒಬ್ಬರು ನಮ್ಮ ಜಿಲ್ಲೆಯವರು. ಮಾರ್ಚಿಯಲ್ಲಿ ಕಾಸರಗೋಡಿನ ಹೆಸರೆತ್ತಿದರೆ ಜನ ಬೆಚ್ಚುವಂತಾಯಿತು. ಗಡಿಯ ರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂದಿರುಗಿದವು. ಕೊರೊನ ಅಲ್ಲ, ಹೃದಯದ, ಮೂತ್ರಪಿಂಡದ ಹಳೆಯ ರೋಗಿಗಳು ವರ್ಷಗಟ್ಟಲೆ ತೋರಿಸುತ್ತಿದ್ದ ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾರದೆ ತೀರಿಕೊಂಡ ಸುದ್ದಿ ಒಂದರ ಹಿಂದೊಂದರಂತೆ ಬಂತು. ಎಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರನ್ನು ಬಿಡಬೇಕೆಂದು ಆಜ್ಞೆಯಿತ್ತಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕನ್ನಡ ಕನ್ನಡ ಎಂದು ಜೀವ ತೇಯ್ದ ಗಡಿನಾಡಿನವರಿಗೆ ಕನ್ನಡದ ನಾಡೇ ಬಾಗಿಲು ಹಾಕಿದ ಆ ದಿನಗಳ ಕಹಿ ಇನ್ನೂ ನಾಲಗೆಯ ಮೇಲಿದೆ.

ಮಂಗಳೂರಿನವರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರಿಗೆ ಭಯವಿತ್ತು, ಸುಳ್ಳು ಭಯವೂ ಅಲ್ಲ. ಈಚೆಯ ನಾವಾದರೂ ಮಾಡಿದ್ದೇನು? ಗಲ್ಫಿನಿಂದ ಬಂದ ನೆರೆಯವನ ಮನೆಯ ಕಡೆ ಬೆರಳು ತೋರಿಸಿದೆವು. ಅವನ ಹೆಂಡತಿ ಅಂಗಡಿಗೆ ಬಂದರೆ ದೂರ ಸರಿದೆವು. ಅದೇ ಎಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ತರಾತುರಿಯಿಂದ ಕೊರೊನ ಆಸ್ಪತ್ರೆಯಾಗಿ ತೆರೆದಾಗ, ತಿರುವನಂತಪುರದಿಂದ ವೈದ್ಯರು, ನರ್ಸುಗಳು ರಾಜ್ಯದ ಉದ್ದಕ್ಕೂ ಪ್ರಯಾಣ ಮಾಡಿ ಬಂದರು. ಎಲ್ಲರೂ ಓಡಿಹೋಗುತ್ತಿದ್ದ ದಿಕ್ಕಿಗೆ ಎದುರಾಗಿ ಬಂದವರು. ಅವರಲ್ಲಿ ಯಾರು ಯಾವ ದೇವರನ್ನು ನೆನೆದು ಬಸ್ಸು ಹತ್ತಿದರೋ ನಮಗೆ ತಿಳಿಯದು. ನಾವು ಕೇಳಲೂ ಇಲ್ಲ.

ಈಗ ನನ್ನ ಸ್ವಂತದ ಒಂದು ಸಂಗತಿ. ಇದನ್ನು ಬರೆಯದೆ ಮೇಲಿನದ್ದೆಲ್ಲ ಬರೆದರೆ ಕಪಟವಾದೀತು.

1978ರಲ್ಲಿ ನಾನು ಹೊಸದಾಗಿ ಶಾಲೆಗೆ ಸೇರಿದ್ದೆ. ಐದನೆಯ ತರಗತಿಯ ಒಬ್ಬ ಹುಡುಗನ ಕೆನ್ನೆಯ ಮೇಲೆ ಬಣ್ಣ ಮಾಸಿದ ಕಲೆಯೊಂದಿತ್ತು. ಯಾರೋ ‘ದೊಡ್ಡ ರೋಗ’ ಎಂದರು. ನಾನು ವೈದ್ಯರನ್ನು ಕೇಳಲಿಲ್ಲ, ಆರೋಗ್ಯ ಕೇಂದ್ರಕ್ಕೆ ಕಳುಹಿಸಲಿಲ್ಲ. ಹುಡುಗನನ್ನು ಹಿಂದಿನ ಬೆಂಚಿಗೆ ಒಬ್ಬನನ್ನೇ ಕುಳ್ಳಿರಿಸಿ, ಅವನ ಸ್ಲೇಟನ್ನು ಮುಟ್ಟದೆ ದೂರದಿಂದಲೇ ತಪ್ಪು ಹೇಳತೊಡಗಿದೆ. ಒಂದು ದಿನ ತಂದೆಯನ್ನು ಕರೆಸಿ, ಕೆಲವು ದಿನ ಮನೆಯಲ್ಲೇ ಇರಿಸಿಕೊಳ್ಳಿ ಎಂದೆ. ತಂದೆ ಮರು ಮಾತಾಡದೆ ಮಗನ ಕೈಹಿಡಿದು ನಡೆದರು. ಆ ‘ಕೆಲವು ದಿನ’ ಮುಗಿಯಲೇ ಇಲ್ಲ. ಬೇರೆ ಮಕ್ಕಳ ಹಿತಕ್ಕಾಗಿ ಮಾಡಿದ್ದೇನೆಂದು ನಾನು ಸಮಾಧಾನ ಹೇಳಿಕೊಂಡೆ. ನಿತ್ಯ ಸಂಧ್ಯಾವಂದನೆ ಮಾಡುತ್ತಿದ್ದವನು ನಾನು, ದೇವರಲ್ಲಿ ನಂಬಿಕೆಯಿಲ್ಲದವನಲ್ಲ.

ಇಪ್ಪತ್ತು ವರ್ಷಗಳಾದ ಮೇಲೆ ಕುಂಬಳೆಯ ಬಸ್ ನಿಲ್ದಾಣದಲ್ಲಿ ಒಬ್ಬ, “ಮಾಷ್ಟ್ರೇ, ಗುರ್ತ ಸಿಕ್ಕಿತಾ?” ಎಂದ. ಸಿಕ್ಕಿತು. ನಾನು ಕೈ ಚಾಚುವುದರೊಳಗೆ ಅವನು ತನ್ನ ಬಲಗೈಯನ್ನು ಲುಂಗಿಯ ಮಡಿಕೆಯೊಳಗೆ ಸೇರಿಸಿಕೊಂಡ. ಅಷ್ಟರಲ್ಲಿ ಕಾಣುವಷ್ಟು ಕಂಡಿತ್ತು, ಬೆರಳುಗಳು ಒಳಕ್ಕೆ ಬಾಗಿದ್ದವು. ಹತ್ತು ವರ್ಷ ಮನೆಯಲ್ಲಿ ಬಚ್ಚಿಟ್ಟಿದ್ದರಂತೆ, ಆಮೇಲೆ ಮದ್ದು ಸಿಕ್ಕಿ ಗುಣವಾಯಿತಂತೆ. ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಮಕ್ಕಳೆಷ್ಟು ಎಂದು ಕೇಳಿದ. ಬಸ್ಸು ಬಂತು.

1978ರಲ್ಲಿ ಮದ್ದಿರಲಿಲ್ಲವೇ? ಇತ್ತು. 1940ರ ದಶಕದಿಂದಲೇ ಸಲ್ಫೋನ್ ಮದ್ದುಗಳು ಬಂದಿದ್ದವು. ಮಾಲಗಾಂವದ ಗುಡಿಸಲಿಗೆ ನರ್ಸಬಾಯಿ ತರುತ್ತಿದ್ದ ಮಾತ್ರೆ ಆ ಜಾತಿಯದೇ ಇರಬೇಕು. ಆ ಹುಡುಗನ ಬೆರಳುಗಳನ್ನು ತಿಂದದ್ದು ರೋಗಾಣು ಮಾತ್ರವಲ್ಲ. ಅದರಲ್ಲಿ ನನ್ನ ಭಯದ ಪಾಲಿದೆ, ಅವನ ತಂದೆಯ ನಾಚಿಕೆಯ ಪಾಲಿದೆ.

ಬಾಬಾ ಆಮ್ಟೆಯವರ ಜೀವನದಲ್ಲೂ ಇಂಥದ್ದೊಂದು ಘಟನೆಯಿದೆ. ಯಾರಿಗೂ ಹೆದರದವನೆಂದು ಹೆಸರಾಗಿದ್ದ ಆ ವಕೀಲರು ಒಂದು ಮಳೆಯ ದಿನ ಚರಂಡಿಯ ಬಳಿ ಬಿದ್ದಿದ್ದ ಕುಷ್ಠರೋಗಿಯೊಬ್ಬನನ್ನು ಕಂಡು ಹೆದರಿ ಓಡಿದರು. ಆದರೆ ಹಿಂತಿರುಗಿ ಬಂದರು. ಆತನಿಗೆ ಆಶ್ರಯ ಮಾಡಿಕೊಟ್ಟು, ಸಾಯುವ ತನಕ ನೋಡಿಕೊಂಡರು. ಓಡಿಹೋದ ಆ ನಾಚಿಕೆಯೇ ತಮ್ಮನ್ನು ಆನಂದವನಕ್ಕೆ ತಂದಿತೆಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಆಮ್ಟೆ ಕ್ರೈಸ್ತರಲ್ಲ. ಕ್ರಿಸ್ತನ ಶಿಲುಬೆಯ ಕಥೆಯಿಂದ ಕಲಿತವರು ಹೌದು, ಗಾಂಧೀಜಿಯಿಂದಲೂ ಕಲಿತವರು. ಕುಷ್ಠ ಹಿಡಿದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳನ್ನು ಸೇವಾಗ್ರಾಮದಲ್ಲಿ ಇರಿಸಿಕೊಂಡು ತನ್ನ ಕೈಯಿಂದಲೇ ಎಣ್ಣೆ ತಿಕ್ಕಿದವರು ಗಾಂಧೀಜಿ. ಹಾಗಾಗಿ ಕ್ರೈಸ್ತ ಮನೆಗಳವರು ಇದು ತಮ್ಮ ಸ್ವತ್ತೆಂದು ಬೀಗಬೇಕಾಗಿಲ್ಲ, ಉಳಿದವರು ಅದು ಅವರ ಕೆಲಸವೆಂದು ಬಿಟ್ಟುಬಿಡಲೂ ಬಾರದು. ಮತಾಂತರದ ಸಂಶಯವನ್ನು ಎತ್ತುವವರು ಎತ್ತಲಿ, ಅದು ಬೇರೆ ಚರ್ಚೆ. ಮಾಲಗಾಂವದ ಗುಡಿಸಲಿಗೆ ಆ ಸಂಶಯವುಳ್ಳವರಲ್ಲಿ ಒಬ್ಬನಾದರೂ ಒಂದು ತಂಬಿಗೆ ನೀರು ಒಯ್ದಿರಲಿಲ್ಲ.

ಇನ್ನು ಈಗಿನ ಪರಿಸ್ಥಿತಿ. 1980ರ ದಶಕದಿಂದ ಎರಡು ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ನಮ್ಮ ದೇಶದಲ್ಲಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಬಗೆಯನ್ನು ನೋಡಿಕೊಂಡು ಆರು ತಿಂಗಳು ಇಲ್ಲವೆ ಒಂದು ವರ್ಷ. ಮದ್ದು ತೊಡಗಿದ ಅಲ್ಪಕಾಲದಲ್ಲೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಅಲ್ಲದೆ ನಮ್ಮಲ್ಲಿ ಬಹುಪಾಲು ಜನರಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆಯಾಯಿತೆಂದು 2005ರ ಕೊನೆಯಲ್ಲಿ ಇಡೀ ದೇಶದ ಲೆಕ್ಕ ಬಂತು. ಆದರೂ ವರ್ಷಕ್ಕೆ ಲಕ್ಷದ ಆಸುಪಾಸಿನಲ್ಲಿ ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದಾರೆ, ಪ್ರಪಂಚದ ಅರ್ಧದಷ್ಟು ನಮ್ಮ ದೇಶದವರೇ. ರೋಗಿಗಳನ್ನು ಹಿಡಿದು ಕೂಡಿಹಾಕಲು ಬ್ರಿಟಿಷರು ಮಾಡಿದ್ದ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಎಣಿಸುವುದು ನಿಂತದ್ದು 2019ರಲ್ಲಿ. ಕಾನೂನಿಗೆ ಭಯ ಬಿಡಲು ನೂರಿಪ್ಪತ್ತು ವರ್ಷ ಬೇಕಾಯಿತು. ಮನೆಗಳಿಗೆ ಇನ್ನೆಷ್ಟು ಬೇಕೋ!

2018ರಲ್ಲಿ ಕೇರಳ ಸರಕಾರ ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಅಭಿಯಾನ ತೊಡಗಿತು. ಹೆಸರು ‘ಅಶ್ವಮೇಧಂ’, ತೋಪಿಲ್ ಭಾಸಿಯವರ ನಾಟಕದ ಹೆಸರು. ರೋಗ ಗುಣವಾದರೂ ಮನೆಯ ಬಾಗಿಲು ತೆರೆಯದ ಹೆಣ್ಣೊಬ್ಬಳ ಕಥೆ ಅದು, ಸಿನಿಮಾ ಆಗಿಯೂ ನಮ್ಮ ಕಡೆ ಜನ ನೋಡಿದ್ದಾರೆ. ಹೆಸರು ಚೆನ್ನಾಗಿದೆ. ಆದರೆ ನಮ್ಮ ಕನ್ನಡ ಮನೆಗಳಲ್ಲಿ ಇಂಥ ಅಭಿಯಾನಕ್ಕೆ ಒಂದು ತೊಡಕಿದೆ. ಬಂದವರು ಮಲಯಾಳದಲ್ಲಿ ಕೇಳುತ್ತಾರೆ, ಚೀಟಿಯೂ ಮಲಯಾಳದಲ್ಲಿ. ಒಳಗಿನ ಅಜ್ಜಿಗೆ ಅರ್ಥವಾಗುವುದು ಅರ್ಧ. ಉಳಿದರ್ಧವನ್ನು ಭಯ ತುಂಬಿಸುತ್ತದೆ. “ಇಲ್ಲಿ ಅಂಥದ್ದೇನೂ ಇಲ್ಲ” ಎಂದು ಬಾಗಿಲ ಸಂದಿನಿಂದಲೇ ಹೇಳಿ ಕಳುಹಿಸುತ್ತಾರೆ. ಬೆನ್ನಿನ ಮೇಲಿನ ಕಲೆಯನ್ನು ಅನ್ಯಭಾಷೆಯಲ್ಲಿ ಯಾರೂ ತೋರಿಸುವುದಿಲ್ಲ. ಮಾಲಗಾಂವಕ್ಕೆ ಬಂದ ಹೆಂಗಸಿನ ಅರ್ಧ ಮದ್ದು ಅವಳ ಕನ್ನಡವಾಗಿತ್ತೆಂದು ನಾನು ನಂಬುತ್ತೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ನಮ್ಮ ಪಂಚಾಯತುಗಳಿಗೆ ಕನ್ನಡ ಅಥವಾ ತುಳು ಬಲ್ಲ ಕಾರ್ಯಕರ್ತೆಯರನ್ನೇ ಕಳುಹಿಸಬೇಕು, ಚೀಟಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಇದು ಭಾಷೆಯ ಹಕ್ಕಿನ ಮಾತಷ್ಟೇ ಅಲ್ಲ, ಹುಡುಗರ ಬೆರಳುಗಳ ಮಾತು. ಜಿಲ್ಲೆಯ ಆರೋಗ್ಯಾಧಿಕಾರಿಗಳು ಗಮನಿಸಿಯಾರೆಂದು ಆಶಿಸುತ್ತೇನೆ.

ನಮ್ಮಿಂದಾಗಬೇಕಾದದ್ದು ಅದಕ್ಕಾಗಿ ಕಾಯಬೇಕಾಗಿಲ್ಲ. ಮೈಮೇಲೆ ಬಣ್ಣ ಮಾಸಿದ ಅಥವಾ ಕೆಂಪಗಿನ ಕಲೆಯಿದ್ದು, ಅಲ್ಲಿ ಮುಟ್ಟಿದರೆ, ಬಿಸಿ ತಾಗಿದರೆ ತಿಳಿಯದಿದ್ದರೆ, ಕೈಕಾಲುಗಳಲ್ಲಿ ಜೋಮು ಬಿಡದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ಎಲ್ಲ ಕಲೆಯೂ ಕುಷ್ಠವಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಹೋಗುವಾಗ ಹೆದರಿಕೆಯಾಗುತ್ತದೆ. ಆಗಲಿ. ನಿಮ್ಮ ನಿಮ್ಮ ದೇವರಿಗೆ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಹೋಗಿ. ಒಬ್ಬರೇ ಹೋಗಲಾರದ ನೆರೆಯವರಿದ್ದರೆ ಜತೆಗೆ ಹೋಗಿ, ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತುಕೊಳ್ಳಿ.

ಮಾಲಗಾಂವದಿಂದ ಹೊರಡುವ ದಿನ ಆಯಿಗೆ ನನ್ನ ಹುಡುಗನ ಕಥೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಹುಡುಗ ಇನ್ನೂ ಅದಾನೇನ್ರೀ?” ಎಂದರು. ಗೊತ್ತಿಲ್ಲ ಎಂದೆ. “ಹಂಗಾರ ಹುಡಿಕ್ಯಾಡ್ರಿ” ಎಂದರು. ಕುಂಬಳೆಯಲ್ಲಿ ಎರಡು ಸಲ ವಿಚಾರಿಸಿದ್ದೇನೆ. ಬದಿಯಡ್ಕದ ಕಡೆ ಎಲ್ಲೋ ಮಗಳ ಮನೆಯಲ್ಲಿದ್ದಾನೆಂದು ಹಳೆಯ ಬಸ್ ಏಜೆಂಟರೊಬ್ಬರು ಹೇಳಿದ್ದಾರೆ. ಬರುವ ಆದಿತ್ಯವಾರ ಹೋಗಿ ನೋಡಬೇಕು.